ಪಕ್ಕದಲ್ಲಿ ಕೂತು ನೋಡುವ ಸಿನಿಮಾ

ಬೆಂಗಳೂರಿನಲ್ಲಿ ಓದುವ ಮಗ ಇರಾನ್ ದೇಶದ ಸಿನಿಮಾವೊಂದರ ಲಿಂಕು ಕಳಿಸುತ್ತಾನೆ. ‘ತಪ್ಪದ ನೋಡವ್ವ, ಭಾಳ ಚಲೋ ಐತಿ’ ಎಂದು ಬರೆದಿರುತ್ತಾನೆ. ಹಡಗಲಿಯ ಮನೆಯಲ್ಲಿ ಅವ್ವ ಊಟ ಮುಗಿಸಿ ಮೊಬೈಲ್ ಹಿಡಿದು ಕೂರುತ್ತಾಳೆ. ಕೇಳದ ಭಾಷೆ, ಅದರ ಕೆಳಗೆ ಸರಸರನೆ ಓಡುವ ಇಂಗ್ಲಿಷ್ ಅಕ್ಷರ. ಎರಡು ನಿಮಿಷ ನೋಡಿ ಧಾರಾವಾಹಿಗೆ ಮರಳುತ್ತಾಳೆ. ಸಿನಿಮಾ ಒಳ್ಳೆಯದೇ, ಮಗನ ಮನಸ್ಸೂ ಒಳ್ಳೆಯದೇ. ಆದರೆ ಆ ಒಳ್ಳೆಯದು ಅವ್ವನವರೆಗೆ ತಲುಪಲಿಲ್ಲ. ಇಂಥದ್ದು ನಮ್ಮೆಲ್ಲರ ಮನೆಗಳಲ್ಲೂ ನಡೆಯುತ್ತದೆ.

ಹಾಗೆಂದು ಆ ಸಿನಿಮಾಗಳು ನಮಗೆ ದೂರದವೇನಲ್ಲ. ಇರಾನಿನ ಮಜೀದ್ ಮಜೀದಿಯವರ ‘ಚಿಲ್ಡ್ರನ್ ಆಫ್ ಹೆವನ್’ (1997) ಚಿತ್ರದಲ್ಲಿ ಅಣ್ಣ ತಂಗಿಯರಿಗೆ ಇರುವುದು ಒಂದೇ ಜೊತೆ ಬೂಟು. ತಂಗಿ ಶಾಲೆ ಬಿಟ್ಟು ಓಡಿ ಬಂದರೆ ಅದನ್ನೇ ಮೆಟ್ಟಿ ಅಣ್ಣ ತನ್ನ ಶಾಲೆಗೆ ಓಡಬೇಕು. ಇಟಲಿಯ ಡಿ ಸಿಕಾ ಅವರ ‘ಬೈಸಿಕಲ್ ಥೀವ್ಸ್’ (1948) ಚಿತ್ರದಲ್ಲಿ ಗೋಡೆಗೆ ಪೋಸ್ಟರ್ ಅಂಟಿಸುವ ಕೆಲಸ ಸಿಗಬೇಕಾದರೆ ಸೈಕಲ್ಲು ಇರಲೇಬೇಕು. ಹೆಂಡತಿ ಹಾಸಿಗೆಯ ಹೊದಿಕೆಗಳನ್ನು ಒತ್ತೆಯಿಟ್ಟು ಗಂಡನ ಸೈಕಲ್ಲು ಬಿಡಿಸಿಕೊಡುತ್ತಾಳೆ. ಕೆಲಸದ ಮೊದಲ ದಿನವೇ ಅದು ಕಳುವಾಗುತ್ತದೆ. ಕೂಡ್ಲಿಗಿ, ಹರಪನಹಳ್ಳಿ ಕಡೆಯಿಂದ ಗುಳೆ ಹೋಗಿ ಬಂದವರಿಗೆ ಈ ಸಂಕಟ ಹೊಸದಲ್ಲ. ಜಪಾನಿನ ಕುರೊಸಾವಾ ಅವರ ‘ಇಕಿರು’ (1952) ಚಿತ್ರದ ನಾಯಕ ನಗರಾಡಳಿತದ ಕಚೇರಿಯಲ್ಲಿ ಕಾಗದಗಳಿಗೆ ಮುದ್ರೆ ಒತ್ತುತ್ತಲೇ ವಯಸ್ಸು ಕಳೆದವನು. ಕೊಳಚೆ ನಿಂತ ಜಾಗವನ್ನು ಮಕ್ಕಳ ಆಟದ ಬಯಲು ಮಾಡಿಕೊಡಿ ಎಂದು ಹೆಂಗಸರು ಬಂದರೆ ಪ್ರತಿ ವಿಭಾಗವೂ ಅವರನ್ನು ಇನ್ನೊಂದಕ್ಕೆ ಅಟ್ಟುತ್ತದೆ. ಹೊಟ್ಟೆಯ ಕ್ಯಾನ್ಸರಿನಿಂದ ತನಗೆ ಉಳಿದಿರುವುದು ಕೆಲವೇ ತಿಂಗಳು ಎಂದು ಗೊತ್ತಾದಾಗ ಆತ ಆ ಒಂದು ಕಡತದ ಬೆನ್ನು ಹತ್ತುತ್ತಾನೆ. ತಾಲ್ಲೂಕು ಕಚೇರಿಗೆ ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕೇ?

ಹಳ್ಳಿಯವರಿಗೆ ಇಂಥ ಚಿತ್ರ ಹಿಡಿಸಲಾರದು ಎಂಬ ಮಾತನ್ನು ನೀನಾಸಮ್ ರಂಗಸಂಸ್ಥೆ ಕಟ್ಟಿದ ಕೆ.ವಿ. ಸುಬ್ಬಣ್ಣನವರು ಒಪ್ಪಲಿಲ್ಲ. ಸಾಗರ ಸೀಮೆಯ ಹೆಗ್ಗೋಡಿನಲ್ಲಿ 1973ರಲ್ಲಿ ನೀನಾಸಮ್ ಚಿತ್ರಸಮಾಜ ಆರಂಭವಾಯಿತು. ಅಡಿಕೆ ತೋಟದ ನಡುವಿನ ಆ ಪುಟ್ಟ ಊರಿನಲ್ಲಿ ಜನ ಜಗತ್ತಿನ ದೊಡ್ಡ ಚಿತ್ರಗಳನ್ನು ನೋಡಿದರು. ಅಲ್ಲಿ ಪ್ರದರ್ಶನದಷ್ಟೇ ಮುಖ್ಯವಾಗಿದ್ದದ್ದು ಒಟ್ಟಿಗೆ ಕೂತು ಆಡಿದ ಮಾತು. ಚಿತ್ರವನ್ನು ಸವಿಯುವ ಬಗೆ ತಿಳಿಸಲು ರಸಗ್ರಹಣ ಶಿಬಿರಗಳೂ ನಡೆದವು. ಹೀಗೆ ಒಟ್ಟಿಗೆ ಕೂತು ನೋಡುವುದು ನಮ್ಮ ಸೀಮೆಗೂ ಹೊಸತಲ್ಲ. ಕೊಟ್ಟೂರು, ಹಗರಿಬೊಮ್ಮನಹಳ್ಳಿ ಕಡೆ ದೊಡ್ಡಾಟ ನೋಡಿ ಬೆಳೆದ ಹಿರಿಯರಿಗೆ ಬೆಳತನಕ ಕೂರುವ ತಾಳ್ಮೆಯಿದೆ, ವೇಷಧಾರಿಯ ಕಣ್ಣು ನೋಡಿಯೇ ಮುಂದಿನದನ್ನು ಊಹಿಸುವ ಜಾಣ್ಮೆಯಿದೆ. ಅಲ್ಲಿ ಕತೆ ನಡೆಸಿಕೊಡಲು ಭಾಗವತನಿದ್ದ. ಮೊಬೈಲಿನ ಸಿನಿಮಾಕ್ಕೆ ಆ ಭಾಗವತ ಇಲ್ಲ, ಅಷ್ಟೆ.

ಆ ಪಾತ್ರ ಮನೆಯಲ್ಲಿ ಇಂಗ್ಲಿಷ್ ಓದಬಲ್ಲವರದು. ಒಳ್ಳೆಯದನ್ನು ಸೂಚಿಸಿ ಸುಮ್ಮನಾಗುವುದು ಅರ್ಧ ಉಪಕಾರ. ಪುಸ್ತಕವಿರಲಿ, ಔಷಧವಿರಲಿ, ಸರ್ಕಾರದ ಯೋಜನೆಯಿರಲಿ, ‘ಅಲ್ಲಿ ಸಿಗುತ್ತದೆ, ನೋಡಿ’ ಎಂದು ಹೇಳಿ ಹೊರಟುಬಿಡುವವರೇ ಹೆಚ್ಚು. ಜೊತೆಗೆ ಹೋಗಿ ಅರ್ಜಿ ತುಂಬಿಸಿ ಬರುವವರು ಕಡಿಮೆ. ರಜೆಗೆ ಬಂದ ಮಗ ಆ ಬೂಟಿನ ಚಿತ್ರ ಹಾಕಿ ಒಂದೂವರೆ ಗಂಟೆ ಅವ್ವನ ಪಕ್ಕ ಕೂರಲಿ. ಎಲ್ಲ ಮಾತಿಗೂ ಅರ್ಥ ಹೇಳಬೇಕಿಲ್ಲ, ಬೇಕಾದಲ್ಲಿ ಒಂದೆರಡು ಮಾತು ಸಾಕು. ಉಳಿದದ್ದನ್ನು ಆ ಮಕ್ಕಳ ಮುಖವೇ ಹೇಳುತ್ತದೆ. ಚಿತ್ರ ಮುಗಿದ ಮೇಲೆ ತನ್ನ ವಿಮರ್ಶೆಯನ್ನು ತಡೆದು ಅವಳನ್ನೇ ಮೊದಲು ಕೇಳಲಿ. ಒಂದೇ ಅಂಗಿಯನ್ನು ಅಣ್ಣತಮ್ಮಂದಿರು ಸರದಿಯಲ್ಲಿ ತೊಟ್ಟ ಕಾಲವನ್ನು ಕಂಡವಳಿಗೆ ಆ ಬೂಟಿನ ಬೆಲೆ ಮಗನಿಗಿಂತ ಚೆನ್ನಾಗಿ ಗೊತ್ತಿರುತ್ತದೆ.