ನಿಶ್ಶಬ್ದದ ಚಕ್ಕುಬಂದಿ

ನಿವೃತ್ತಿಯ ವಯಸ್ಸು ಹತ್ತಿರವಾದಂತೆ ನಮ್ಮಲ್ಲಿ ಅನೇಕರ ಮಾತು ಒಂದೇ ಕಡೆಗೆ ಹೊರಳುತ್ತದೆ. ಪೇಟೆಯ ಗದ್ದಲದಿಂದ ದೂರದಲ್ಲಿ ಒಂದು ಚಿಕ್ಕ ಮನೆ, ಅಂಗಳದಲ್ಲಿ ನಾಲ್ಕು ಗಿಡ, ಹಿತ್ತಲಿನಾಚೆ ಬೆಟ್ಟ. ಬೆಂಗಳೂರು, ಮೈಸೂರು, ಕೊಯಮತ್ತೂರುಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ಬಯಕೆ ಬಹುಮಟ್ಟಿಗೆ ನೀಲಗಿರಿಯ ದಾರಿಯನ್ನೇ ತೋರಿಸುತ್ತದೆ. ಗುಂಡ್ಲುಪೇಟೆ ದಾಟಿ, ಬಂಡೀಪುರದ ಕಾಡು ಹಾದು, ತೆಪ್ಪಕಾಡಿನಲ್ಲಿ ಎಡಕ್ಕೆ ತಿರುಗಿದರೆ ಮಸಿನಗುಡಿ. ಅಲ್ಲಿಂದ ಮುಂದಕ್ಕೆ ಮೋಯಾರ್. ಕೆಲವು ಮನೆಗಳು, ವಿದ್ಯುತ್ ಮಂಡಳಿಯ ವಸತಿಗಳು, ಮೇಯುವ ದನಗಳು, ನದಿ ಕೊರೆದ ಆಳವಾದ ಕಮರಿ, ಕಮರಿಯಾಚೆ ನಮ್ಮ ಬಂಡೀಪುರದ ಕಾಡು. ಒಮ್ಮೆ ಹೋಗಿ ಬಂದವರು ಅಲ್ಲೊಂದು ತುಂಡು ಭೂಮಿ ಸಿಗಬಹುದೇ ಎಂದು ವಿಚಾರಿಸದೆ ಇರುವುದಿಲ್ಲ.

ಆ ವಿಚಾರಣೆಯ ಹಿಂದೆ ಒಂದು ನೈತಿಕ ಪ್ರಶ್ನೆಯಿದೆ. ನಿವೇಶನಕ್ಕೆ ಬೆಲೆಯುಂಟು, ಮನೆಗೆ ಬೆಲೆಯುಂಟು. ನಾವು ನಿಜವಾಗಿ ಆಸೆಪಡುವುದು ಅವೆರಡಕ್ಕಿಂತ ಹೆಚ್ಚಾಗಿ ಆ ಊರಿನ ನಿಶ್ಶಬ್ದಕ್ಕೆ. ಅದನ್ನು ನಮಗೆ ಮಾರುವವರು ಯಾರು? ಅದು ಅವರ ಸ್ವತ್ತೇ?

ನಿಶ್ಶಬ್ದವೆಂದರೆ ಏನೂ ಇಲ್ಲದಿರುವಿಕೆ ಎಂದು ಭಾವಿಸುವುದು ನಗರವಾಸಿಗಳಾದ ನಮ್ಮ ಅಭ್ಯಾಸ. ಮೋಯಾರಿನಲ್ಲಿ ಹಾಗಿಲ್ಲ. ಈ ವಸತಿ ಬೆಳೆದದ್ದೇ ಒಂದು ಯಂತ್ರಾಗಾರದ ಸುತ್ತ. ಪೈಕಾರದ ನೀರು 1932ರಿಂದ ಸಿಂಗಾರದಲ್ಲಿ ವಿದ್ಯುತ್ತಾಗುತ್ತಿದೆ. ಅಲ್ಲಿಂದ ಹೊರಬಿದ್ದ ನೀರು ಮರವಕಂಡಿಯ ಅಣೆಕಟ್ಟಿನಲ್ಲಿ ನಿಂತು, ಕಾಲುವೆಯಲ್ಲಿ ಸಾಗಿ, ಮೋಯಾರಿನಲ್ಲಿ ಮತ್ತೊಮ್ಮೆ ಕೆಳಕ್ಕೆ ಧುಮುಕುತ್ತದೆ. ಅಲ್ಲಿ ಹುಟ್ಟಿದ ವಿದ್ಯುತ್ತು ತಂತಿಗಳಲ್ಲಿ ಬಯಲಿನ ಊರುಗಳಿಗೆ ಇಳಿಯುತ್ತದೆ. ಆ ಕಾಲುವೆಯೇ ಆನೆಗಳ ಓಡಾಟಕ್ಕೆ ಅಡ್ಡಿಯಾದದ್ದು ಬೇರೆ ಮಾತು. ಪೇಟೆಯ ಗದ್ದಲವನ್ನು ನಡೆಸುವ ಶಕ್ತಿಯ ಒಂದಂಶ ಈ ಮೌನದ ಊರಿನಿಂದಲೇ ಹೋಗುತ್ತದೆಂಬುದನ್ನು ಗದ್ದಲದಿಂದ ಓಡಿಬರುವವರು ತಿಳಿದಿರುವುದು ಒಳ್ಳೆಯದು.

ಇನ್ನು ರಾತ್ರಿಯ ಮೌನ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನಸಂಚಾರಕ್ಕೆ ನಿರ್ಬಂಧವಿದೆ. ಆ ನಿರ್ಬಂಧದ ಅನನುಕೂಲವನ್ನು ಹೊರುವವರು ತರಕಾರಿ ಸಾಗಿಸುವವರು, ಕೂಲಿ ಮುಗಿಸಿ ಹೊತ್ತು ಮೀರಿ ಹೊರಡುವವರು, ಕಾಡಂಚಿನಲ್ಲಿ ಬದುಕುವವರು. ರಣಹದ್ದುಗಳ ವಿಷಯವೂ ಹೀಗೆಯೇ. ದಕ್ಷಿಣ ಭಾರತದಲ್ಲಿ ಅವು ಇನ್ನೂ ಗೂಡುಕಟ್ಟಿ ಉಳಿದಿರುವ ಕೆಲವೇ ನೆಲೆಗಳಲ್ಲಿ ಮೋಯಾರ್ ಕಣಿವೆ ಮುಖ್ಯವಾದುದು. ಹೊಳೆಯಂಚಿನ ಎತ್ತರದ ಮತ್ತಿಮರಗಳಲ್ಲಿ ಅವುಗಳ ಗೂಡು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವುನಿವಾರಕ, ಸತ್ತ ದನದ ಮಾಂಸದ ಮೂಲಕ ಈ ಪಕ್ಷಿಗಳನ್ನು ಕೊಲ್ಲುತ್ತದೆಂದು ತಿಳಿದ ಮೇಲೆ 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದರ ಬಳಕೆ ನಿಷೇಧವಾಯಿತು. ಆದರೂ ಕೊನೆಯ ಮಾತು ಹಟ್ಟಿಯಲ್ಲಿ ನಿಂತಿರುವ ದನಗಾಹಿಯದು: ಯಾವ ಔಷಧ ಕೊಡಿಸುವುದು, ಹುಲಿ ಕೊಂದ ದನಕ್ಕೆ ಸಿಟ್ಟಿನಿಂದ ವಿಷ ಬೆರೆಸುವುದೋ ಬಿಡುವುದೋ. ನಾವು ಜಗಲಿಯಲ್ಲಿ ಕುಳಿತು ಸವಿಯಬೇಕೆಂದಿರುವ ಶಾಂತಿಯು ಹೀಗೆ ಹಲವರ ಸಂಯಮದ ಫಲ. ಮಾರುವ ಒಬ್ಬನಿಗೆ ನಾವು ಹಣ ಕೊಡುತ್ತೇವೆ. ಸಂಯಮ ತೋರಿದವರ ಹೆಸರು ಪತ್ರದಲ್ಲಿ ಎಲ್ಲಿಯೂ ಬರುವುದಿಲ್ಲ.

ಬೆಟ್ಟದ ಮೇಲೆ ಮನೆ ಕಟ್ಟುವ ಈ ಹಂಬಲಕ್ಕೆ ನೀಲಗಿರಿಯಲ್ಲಿ ಇನ್ನೂರು ವರ್ಷಗಳ ಇತಿಹಾಸವಿದೆ. ಕೊಯಮತ್ತೂರಿನ ಕಲೆಕ್ಟರನಾಗಿದ್ದ ಜಾನ್ ಸಲಿವನ್ 1819ರಲ್ಲಿ ಈ ಬೆಟ್ಟಗಳನ್ನೇರಿದನು. 1822ರಲ್ಲಿ ಉದಕಮಂಡಲದಲ್ಲಿ ಸ್ಟೋನ್‌ಹೌಸ್ ಎಂಬ ಮನೆಯನ್ನು ಕಟ್ಟಿಸಲು ತೊಡಗಿದನು. ಸ್ಥಳೀಯರ ಬಾಯಲ್ಲಿ ಅದು ‘ಕಲ್ ಬಂಗ್ಲಾ’ ಆಯಿತು. ತನ್ನ ನಾಡಿನ ಹಳ್ಳಿಯೊಂದನ್ನು, ಅದರ ಸೇಬುಮರ, ಹೂದೋಟ, ಕೆರೆಯ ಸಮೇತ ಇಲ್ಲಿ ನೆಡುವುದು ಆತನ ಕನಸಾಗಿತ್ತು. ತೋಡರಿಂದ ಆತ ಎಕರೆಗೆ ಒಂದು ರೂಪಾಯಿಯಂತೆ ಭೂಮಿ ಪಡೆದನೆಂದು ಇತಿಹಾಸಕಾರರು ಬರೆಯುತ್ತಾರೆ. ಮುಂದೆ ತೋಡರ ಭೂಮಿಯ ಹಕ್ಕಿಗಾಗಿ ಸರ್ಕಾರದೊಡನೆ ವಾದಿಸಿದವನೂ ಈತನೇ ಎಂಬುದನ್ನು ಮರೆಯಬಾರದು. ಆದರೆ ಒಂದು ರೂಪಾಯಿ ಕೊಟ್ಟ ಕ್ಷಣದಲ್ಲಿ ಸಂಬಂಧ ಮುಗಿಯಿತೆಂಬ ಭಾವನೆ ಈ ಬೆಟ್ಟಕ್ಕೆ ಬಂದದ್ದು ಇಂಥ ವ್ಯವಹಾರಗಳಿಂದಲೇ.

ಅದಕ್ಕೂ ಮೊದಲು ಇಲ್ಲಿ ಬೇರೊಂದು ಬಗೆಯ ಲೆಕ್ಕವಿತ್ತು. ನಮ್ಮ ಭಾಷೆಗೆ ಅತಿ ಸಮೀಪದ ನುಡಿಯನ್ನಾಡುವ ಬಡಗರು ಮೈಸೂರು ಸೀಮೆಯಿಂದ, ಎಂದರೆ ಬಡಗಣ ದಿಕ್ಕಿನಿಂದ, ಬೆಟ್ಟ ಹತ್ತಿದವರೆಂದು ಅವರ ಪರಂಪರೆಯೇ ಹೇಳುತ್ತದೆ. ಅವರೂ ಒಂದು ಕಾಲಕ್ಕೆ ಹೊಸಬರು. ಉಳುಮೆಗೆ ನೆಲ ಹಿಡಿದ ಬಡಗರು ಮೊದಲಿನಿಂದ ಅಲ್ಲಿದ್ದ ತೋಡರಿಗೆ ವರ್ಷವರ್ಷವೂ ಬೆಳೆಯಲ್ಲಿ ಒಂದು ಪಾಲು ಧಾನ್ಯವನ್ನು ಅಳೆದುಕೊಡುತ್ತಿದ್ದರು. ತೋಡರಿಂದ ತುಪ್ಪ, ಕೋತರಿಂದ ಕಬ್ಬಿಣದ ಕೆಲಸ ಮತ್ತು ಮಡಕೆ, ಕುರುಂಬರಿಂದ ಜೇನು ಬರುತ್ತಿದ್ದವು. ಈ ವ್ಯವಸ್ಥೆಯನ್ನು ಸ್ವರ್ಗವೆಂದು ಚಿತ್ರಿಸಬೇಕಾಗಿಲ್ಲ. ಮಾಟದ ಶಂಕೆಯಿಂದ ಕುರುಂಬರನ್ನು ಕೊಂದ ಕಹಿ ಪ್ರಸಂಗಗಳು 19ನೆಯ ಶತಮಾನದಲ್ಲಿ ನಡೆದಿವೆ. ಆದರೂ ಆ ಧಾನ್ಯದ ಪಾಲಿನಲ್ಲಿದ್ದ ವಿವೇಕ ನಮ್ಮನ್ನು ತಡೆದು ನಿಲ್ಲಿಸುತ್ತದೆ. ತಡವಾಗಿ ಬಂದವನ ಋಣ ಒಂದೇ ಕಂತಿನಲ್ಲಿ ತೀರುವಂಥದಲ್ಲವೆಂದು ಅವರು ತಿಳಿದಿದ್ದರು. ಫಸಲು ಬಂದಾಗಲೆಲ್ಲ ಅದನ್ನು ನೆನೆಯಬೇಕಾಗಿತ್ತು.

ನಮ್ಮ ಕ್ರಯಪತ್ರಗಳಲ್ಲಿ ಚಕ್ಕುಬಂದಿ ಎಂಬ ಭಾಗವಿರುತ್ತದೆ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಇಂಥವರ ಮನೆ. ನೆಲವು ನಿಂತಲ್ಲೇ ನಿಂತಿರುವ ವಸ್ತುವೆಂಬ ನಂಬಿಕೆಯ ಮೇಲೆ ಬರೆದ ಸಾಲುಗಳಿವು. ಮೋಯಾರ್, ಮಸಿನಗುಡಿಗಳಿರುವ ಸೀಗೂರು ಪ್ರಸ್ಥಭೂಮಿಯಲ್ಲಿ ಈ ನಂಬಿಕೆ ಸಾಲದಾಗುತ್ತದೆ. ಒಂದು ಕಡೆ ನೀಲಗಿರಿಯ ಕಡಿದಾದ ಗೋಡೆ, ಇನ್ನೊಂದು ಕಡೆ ಮೋಯಾರ್ ಕಮರಿ. ಪಶ್ಚಿಮಘಟ್ಟದಿಂದ ಪೂರ್ವಘಟ್ಟಕ್ಕೆ ಮೇವು ನೀರು ಅರಸಿ ಹೋಗುವ ಆನೆಗಳಿಗೆ ಇವೆರಡರ ನಡುವಣ ಕಿರಿದಾದ ಪಟ್ಟಿಯೇ ದಾರಿ. ಅಲ್ಲಿನ ಎರಡು ಎಕರೆಯನ್ನು ಬೇಲಿ ಹಾಕಿ ಕೊಂಡವನು, ತನಗೆ ಅರಿವಿಲ್ಲದೆಯೇ, ಆ ದಾರಿಯ ಒಂದು ತುಂಡನ್ನೂ ಕೊಂಡಿರುತ್ತಾನೆ.

ತಮಿಳುನಾಡು ಸರ್ಕಾರ 2010ರಲ್ಲಿ ಈ ಆನೆದಾರಿಯನ್ನು ಅಧಿಸೂಚಿಸಿತು. ಮದರಾಸು ಉಚ್ಚ ನ್ಯಾಯಾಲಯ 2011ರಲ್ಲಿ ಅದನ್ನು ಎತ್ತಿಹಿಡಿಯಿತು. 2018ರಲ್ಲಿ ಅಲ್ಲಿನ ಹಲವು ವಿಹಾರಧಾಮಗಳಿಗೆ ಬೀಗಮುದ್ರೆ ಬಿದ್ದಿತು. 2020ರ ಅಕ್ಟೋಬರ್ 14ರಂದು ಸರ್ವೋಚ್ಚ ನ್ಯಾಯಾಲಯ ಉಚ್ಚ ನ್ಯಾಯಾಲಯದ ತೀರ್ಪನ್ನು ಸ್ಥಿರಪಡಿಸಿ, ಭೂಮಾಲೀಕರ ಆಕ್ಷೇಪಗಳನ್ನು ಕೇಳಲು ಸಮಿತಿಯೊಂದನ್ನು ನೇಮಿಸಿತು. ಹಣ ಕೊಟ್ಟು, ನೋಂದಣಿ ಮಾಡಿಸಿ, ತೆರಿಗೆ ಕಟ್ಟಿದವರು ತಮ್ಮ ಹಕ್ಕಿನ ಮಾತನ್ನಾಡಿದ್ದು ಸಹಜವೇ. ಮೂರು ತಲೆಮಾರಿನಿಂದ ಅಲ್ಲೇ ದನ ಮೇಯಿಸಿಕೊಂಡಿರುವ ಬಡವನಿಗೂ, ವಾರಾಂತ್ಯದ ಮನೆಯ ಒಡೆಯನಿಗೂ ನಕ್ಷೆಯ ಗೆರೆ ಒಂದೇ ಆದಾಗ ಅನ್ಯಾಯದ ಭಯ ಹುಟ್ಟುವುದೂ ಸಹಜ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲವೆಂದೇ ನಮ್ಮ ಅಭಿಪ್ರಾಯ. ಮೊದಲನೆಯವನಿಗೆ ಹೋಗಲು ಬೇರೆ ಊರಿಲ್ಲ. ನಮಗಾದರೋ ಇನ್ನೊಂದು ಮನೆ ಈಗಾಗಲೇ ಇದೆ.

2021ರ ಜನವರಿಯಲ್ಲಿ ಮಸಿನಗುಡಿಯ ತಂಗುಮನೆಯೊಂದರ ಬಳಿಗೆ ಬಂದ ಆನೆಯ ಮೇಲೆ ಉರಿಯುವ ಟೈರನ್ನು ಎಸೆಯಲಾಯಿತು. ಕಿವಿ ಸುಟ್ಟು, ಗಾಯಗೊಂಡ ಆ ಸಲಗ ಚಿಕಿತ್ಸೆಗೆ ಒಯ್ಯುವ ದಾರಿಯಲ್ಲಿ ಸತ್ತಿತು. ಕ್ರೌರ್ಯವನ್ನು ಎಲ್ಲರೂ ಖಂಡಿಸಿದೆವು. ಎಸೆದ ಕೈ ಯಾರದೆಂಬುದನ್ನು ಕಾನೂನು ನೋಡಿಕೊಳ್ಳಲಿ. ಆದರೆ ಕಾಡಿನೊಳಗೆ ಮಂಚ, ದೀಪ, ಅಡುಗೆ ಬೇಡುವ ನಮ್ಮಂಥವರ ಬೇಡಿಕೆಯಿಲ್ಲದೆ ಆ ತಂಗುಮನೆ ಅಲ್ಲಿ ಇರುತ್ತಿತ್ತೇ?

ಇಂಗ್ಲೆಂಡಿನ ಹಳ್ಳಿಗಳಲ್ಲಿ ಮನೆ ಮಾಡಿರುವ ನಮ್ಮ ಬಂಧುಗಳಿಗೂ ಈ ಚರ್ಚೆ ಹೊಸದಲ್ಲ. ಕಾರ್ನ್‌ವಾಲ್ ಕಡಲತೀರದ ಸೇಂಟ್ ಐವ್ಸ್ ಊರಿನವರು 2016ರಲ್ಲಿ ಮತ ಹಾಕಿ, ಅಲ್ಲಿ ಹೊಸದಾಗಿ ಕಟ್ಟುವ ಮನೆಗಳು ವರ್ಷಪೂರ್ತಿ ವಾಸಿಸುವವರಿಗೇ ಮೀಸಲಾಗಬೇಕೆಂದು ತೀರ್ಮಾನಿಸಿದರು. ಬೇಸಿಗೆಗೆ ಬಂದುಹೋಗುವವರು ಮನೆಗಳನ್ನು ಕೊಂಡು, ಚಳಿಗಾಲದಲ್ಲಿ ಬೀದಿಗಳು ಕತ್ತಲಾಗಿ, ಊರಿನ ಮಕ್ಕಳಿಗೇ ಊರಿನಲ್ಲಿ ಮನೆ ನಿಲುಕದಂತಾಗಿತ್ತು. ನೆರೆಹೊರೆಯ ಮಾತು ನಿಂತುಹೋದ ಆ ಕತ್ತಲ ಬೀದಿಗಳಲ್ಲಿಯೂ ನಿಶ್ಶಬ್ದವೇನೋ ಧಾರಾಳವಾಗಿತ್ತು.

ಹಾಗಾದರೆ ಯಾರೂ ಮೋಯಾರಿನಂಥ ಊರಿನಲ್ಲಿ ನೆಲೆಸಲೇಬಾರದೇ ಎಂದು ನಮ್ಮ ಸದಸ್ಯರು ಕೇಳಬಹುದು. ಆನೆಯ ದಾರಿಯಲ್ಲಿ ಹೊಸ ಮನೆ ಬೇಡವೆಂದು ಸಂಕೋಚವಿಲ್ಲದೆ ಹೇಳುತ್ತೇವೆ. ಕಾನೂನು ಬಿಟ್ಟುಕೊಟ್ಟ ಜಾಗದಲ್ಲಿ, ಊರೊಳಗೆ ಈಗಾಗಲೇ ಇರುವ ಮನೆಯೊಂದಕ್ಕೆ ಹೋಗಿ ವರ್ಷಪೂರ್ತಿ ಬಾಳುವವರ ವಿಷಯ ಬೇರೆ. ಅವರು ಅಲ್ಲಿನ ಅಂಗಡಿಯಲ್ಲೇ ಕೊಳ್ಳುತ್ತಾರೆ, ಅಲ್ಲಿನ ಶಾಲೆಯ ಸ್ಥಿತಿಗತಿಯ ಬಗ್ಗೆ ತಲೆಕೆಡಿಸಿಕೊಳ್ಳುತ್ತಾರೆ, ರಾತ್ರಿಯ ನಿರ್ಬಂಧದ ತೊಂದರೆಯನ್ನು ಉಳಿದವರೊಡನೆ ತಾವೂ ಅನುಭವಿಸುತ್ತಾರೆ. ಬಡಗರ ಧಾನ್ಯದ ಪಾಲಿಗೆ ಇಂದಿನ ರೂಪ ಇದೇ ಇರಬಹುದು. ಜಮೀನು ಈಗಾಗಲೇ ಕೊಂಡಿರುವವರಿಗೆ ನಾವು ಹೇಳಬಹುದಾದದ್ದು ಇನ್ನೂ ಸಣ್ಣದು: ಬೇಲಿಯನ್ನು ನಿವೇಶನದ ಎಲ್ಲೆಗಲ್ಲುಗಳಿಂದ ಕಿತ್ತು ಮನೆಯ ಗೋಡೆಗೆ ಹತ್ತಿರ ತನ್ನಿ, ಅಂಗಳದ ಪ್ರಖರ ದೀಪಗಳನ್ನು ತೆಗೆಸಿ, ಬಾಳೆ ಹಲಸುಗಳನ್ನು ನೆಟ್ಟು ಆನೆಯನ್ನು ಕರೆದು ಆಮೇಲೆ ಪಟಾಕಿ ಹಚ್ಚಬೇಡಿ. ನಡುವೆ ಉಳಿದ ಜಾಗದಲ್ಲಿ ಹುಲ್ಲು ತಾನಾಗಿಯೇ ಬೆಳೆಯುತ್ತದೆ, ಒಂದೆರಡು ಮಳೆಗಾಲ ಸಾಕು.