ಹೋಗದ ಬೇಸಿಗೆಯೂ ತಿತಿಕ್ಷೆಯೂ

2024ರ ಮಾರ್ಚ್‌ನಲ್ಲಿ ಬನಶಂಕರಿಯ ನಮ್ಮ ಬೀದಿಗೆ ಬೆಳಗಾಗುತ್ತಿದ್ದದ್ದು ಸಂಪಿನ ಮುಚ್ಚಳ ಎಳೆಯುವ ಸದ್ದಿನಿಂದ. ಅಮ್ಮ ಬಟ್ಟೆ ಒಣಹಾಕುವ ಬಿದಿರುಕೋಲನ್ನು ಒಳಗಿಳಿಸಿ ಮೇಲೆತ್ತಿ, ಒದ್ದೆಯಾದಷ್ಟನ್ನು ಗೇಣು ಹಾಕಿ ಅಳೆಯುತ್ತಿದ್ದಳು. "ಎರಡು ಗೇಣಿದೆ. ನಾಳೆವರೆಗೂ ಆಗತ್ತೆ" ಎಂದು ಕೋಲನ್ನು ಗೋಡೆಗೆ ಒರಗಿಸಿ ಕಾಫಿಗೆ ನೀರಿಡಲು ಹೋಗುತ್ತಿದ್ದಳು. ನನಗೋ ರಾತ್ರಿಯಿಡೀ ನಿದ್ದೆಯಿಲ್ಲ. ನಗರದ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂಬ ಸುದ್ದಿ ಬಂದಿತ್ತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿತ್ತು. "ಬೆಂಗಳೂರು ಮುಗೀತು ಕಣ್ರೀ" ಎಂದು ಎದುರುಮನೆಯವರು ಬೀಗ ಹಾಕಿಕೊಂಡು ಊರಿಗೆ ಹೊರಟೇಬಿಟ್ಟರು.

ಅಮ್ಮನ ಆ ಎರಡು ಗೇಣಿನ ನೆಮ್ಮದಿಯನ್ನು ನೋಡುತ್ತಾ ನನಗೆ ನೆನಪಾದ ಹಳೆಯ ಮಾತು ತಿತಿಕ್ಷೆ. ಶಮ, ದಮ, ಉಪರತಿ, ತಿತಿಕ್ಷೆ, ಶ್ರದ್ಧೆ, ಸಮಾಧಾನ ಎಂದು ವೇದಾಂತಿಗಳು ಎಣಿಸುವ ಆರು ಸಂಪತ್ತುಗಳಲ್ಲಿ ಇದೊಂದು. ಸಾಮಾನ್ಯವಾಗಿ ಸಹನೆ ಎಂದು ಅರ್ಥ ಹೇಳಿ ಮುಂದೆ ಹೋಗುತ್ತೇವೆ. ಆದರೆ ಪದದ ಬೇರು 'ತಿಜ್' ಎಂಬ ಧಾತು. ಹರಿತಗೊಳಿಸು ಎಂದು ಅದರ ಅರ್ಥ. ತೇಜಸ್ಸು ಹುಟ್ಟಿದ್ದೂ ಅದೇ ಧಾತುವಿನಿಂದ. ಏಟು ತಿಂದು ತಿಂದು ಮೊಂಡಾಗುವುದನ್ನು ನಾವು ಸಹನೆ ಎಂದು ತಿಳಿದಿದ್ದೇವೆ. ಈ ಪದಕ್ಕೆ ಮಾತ್ರ ಸಾಣೆ ಹಿಡಿದ ಕತ್ತಿಯ ನೆನಪಿದೆ.

ಗೀತೆಯ ಎರಡನೆಯ ಅಧ್ಯಾಯದಲ್ಲಿ ಕೃಷ್ಣ ಇದನ್ನು ಅರ್ಜುನನಿಗೆ ಹೇಳುವಾಗ ಕೊಡುವ ಉದಾಹರಣೆ ಚಳಿ ಮತ್ತು ಸೆಕೆ. ಇವು ಬರುತ್ತವೆ, ಹೋಗುತ್ತವೆ, ನಿಲ್ಲುವಂಥವಲ್ಲ, ಆದ್ದರಿಂದ ತಾಳಿಕೋ ಎನ್ನುವುದು ಅಲ್ಲಿನ ತರ್ಕ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ, ರೋಹಿಣಿ ಆದಮೇಲೆ ಮೃಗಶಿರ ಬಂದೇ ಬರುತ್ತದೆ ಎಂದು ನಂಬಿ ಬದುಕಿದವರಿಗೆ ಆ ತರ್ಕ ಬಿಡಿಸಿ ಹೇಳಬೇಕಾಗಿರಲಿಲ್ಲ.

ನನ್ನ ತೊಡಕು ಶುರುವಾಗುವುದು ಇಲ್ಲೇ. ಹೋಗದ ಸೆಕೆಯನ್ನು ಏನೆಂದು ತಾಳಿಕೊಳ್ಳುವುದು? ಬೆಂಗಳೂರು 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಕಂಡಿತು; 2024ರ ಏಪ್ರಿಲ್ 28ರಂದು 38.5. ಭೂಮಿಯ ಗಾಳಿಗೆ ನಾವು ತುಂಬಿದ ಹೊಗೆ ಮುಂದಿನ ಮಳೆಗೆ ತೊಳೆದುಹೋಗುವಂಥದ್ದಲ್ಲ. ಅದರ ಮೇಲೆ ಕೆರೆಗಳನ್ನು ಮುಚ್ಚಿ ಮನೆ ಕಟ್ಟಿದ ನಮ್ಮೂರಿನದೇ ಕೊಡುಗೆ ಬೇರೆ. ಬಿಟಿಎಂ ಎಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಹೆಸರಿನೊಳಗೇ ತಾವರೆಯ ಕೆರೆಯೊಂದನ್ನು ಇಟ್ಟುಕೊಂಡ ಬಡಾವಣೆ ಅದು. 2025ರ ಮೇ ತಿಂಗಳ ಮಳೆಗೆ ಅಲ್ಲಿ ನೀರು ನುಗ್ಗಿತು. ಅಪಾರ್ಟ್‌ಮೆಂಟೊಂದರ ನೆಲಮಾಳಿಗೆಯಿಂದ ನೀರು ಹೊರಹಾಕುವಾಗ ಕರೆಂಟು ಹೊಡೆದು ಇಬ್ಬರು ಸತ್ತರು, ಒಬ್ಬ ಹನ್ನೆರಡು ವರ್ಷದ ಹುಡುಗ. ಅವನ ಮನೆಯವರ ಮುಂದೆ ನಿಂತು 'ಇದೂ ಹೋಗುತ್ತದೆ' ಎನ್ನುವ ಧೈರ್ಯ ನನಗಿಲ್ಲ.

ತಿತಿಕ್ಷೆಯನ್ನು ಇನ್ನೊಬ್ಬರಿಗೆ ಉಪದೇಶಿಸುವುದೂ ಸಲ್ಲದು. ನಮ್ಮ ಮನೆಗೆಲಸಕ್ಕೆ ಬರುವ ಅಕ್ಕ ಆ ಬೇಸಿಗೆಯಲ್ಲಿ ನಾಲ್ಕು ಗಂಟೆಗೇ ಎದ್ದು ಬೀದಿ ನಲ್ಲಿಯಲ್ಲಿ ಆರು ಕೊಡ ಹಿಡಿದಿಟ್ಟು ಬರುತ್ತಿದ್ದರು. ಅವರಿಗೆ ಬೇಕಾದದ್ದು ನೀರು. ಹಿಂದೆಯೂ ಅಷ್ಟೆ. 1871ರಲ್ಲಿ ಐವತ್ತು ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ, 1876-78ರ ಕ್ಷಾಮದ ನಂತರ, 1881ರ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಹಾಗೆ ಅಳಿದುಹೋದವರಿಗೆ ಸಹನೆ ಕಮ್ಮಿಯಾಗಿರಲಿಲ್ಲ, ಕಾಳು ಇರಲಿಲ್ಲ.

ಹಾಗಾದರೆ ಈ ಪದವನ್ನು ಬಿಟ್ಟುಬಿಡೋಣವೇ? ಶಂಕರರದೆಂದು ಪರಂಪರೆ ಹೇಳುವ ವಿವೇಕಚೂಡಾಮಣಿ ತಿತಿಕ್ಷೆಗೆ ಎರಡು ಷರತ್ತು ಹಾಕುತ್ತದೆ: ದುಃಖಕ್ಕೆ ಪ್ರತೀಕಾರ, ಅಂದರೆ ಪರಿಹಾರ, ಹುಡುಕಬಾರದು, ಚಿಂತೆ ಮತ್ತು ಗೋಳಾಟ ಇರಬಾರದು. ಮೊದಲನೆಯದು ಮನೆ ಬಿಟ್ಟು ಹೊರಟವನಿಗೆ ಸರಿ. ಸಂಪು, ಮಕ್ಕಳು, ವಯಸ್ಸಾದ ತಾಯಿ ಇರುವವರು ಪ್ರತೀಕಾರ ಮಾಡಲೇಬೇಕು. ಗೃಹಸ್ಥರಾದ ನಮಗೆ ಎರಡನೆಯ ಷರತ್ತು ಉಳಿಯಿತು ಎಂದೇ ನಾನು ಓದಿಕೊಳ್ಳುತ್ತೇನೆ. ಕೃಷ್ಣ 'ತಾಳಿಕೋ' ಎಂದದ್ದು ಬಿಲ್ಲು ಕೆಳಗಿಟ್ಟು ಕೂತವನಿಗೆ, ಅದೂ ಅವನು ಎದ್ದು ನಿಲ್ಲಲಿ ಎಂದು. ಗೋಳಾಟ ಕೈ ಕಟ್ಟುತ್ತದೆ. ಕೋಲಿಳಿಸಿ ಎಷ್ಟಿದೆ ಎಂದು ನೋಡುವುದಕ್ಕೂ ಮನಸ್ಸು ಒಂದು ಕಡೆ ನಿಂತಿರಬೇಕು.

ಈ ಓದಿಗೆ ಬಸವನಗುಡಿಯಲ್ಲೇ ಒಂದು ಆಸರೆಯಿದೆ. ಡಿ.ವಿ. ಗುಂಡಪ್ಪನವರು ಗೀತೆಯನ್ನು ಬದುಕುವವರ ಶಾಸ್ತ್ರವಾಗಿ ವಿವರಿಸಿದ 'ಜೀವನಧರ್ಮಯೋಗ'ಕ್ಕೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದೇ ಡಿವಿಜಿ 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದ್ದರು. ಒಳಗಿನ ಸ್ಥೈರ್ಯ ಮತ್ತು ಊರಿನ ಕೆಲಸ ಅವರಿಗೆ ಬೇರೆ ಬೇರೆ ಆಗಿರಲಿಲ್ಲ. ಒಬ್ಬೊಬ್ಬರೇ ಗಟ್ಟಿಯಾಗುವುದು ಎಂಬ ಮಾತು ಕೇಳಿದಾಗಲೆಲ್ಲ ನನಗೆ ಡಿವಿಜಿಯವರ ಈ ಜೋಡಣೆ ನೆನಪಾಗುತ್ತದೆ. ನಮ್ಮ ಕಾಲದಲ್ಲೂ ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯನ್ನು ಸುತ್ತಲಿನ ನಿವಾಸಿಗಳು 2010ರಲ್ಲಿ ಟ್ರಸ್ಟ್ ಕಟ್ಟಿಕೊಂಡು ಉಳಿಸಿಕೊಂಡರು. ಒಂಟಿ ಮನೆಯಿಂದ ಆಗುವ ಕೆಲಸವಾಗಿರಲಿಲ್ಲ ಅದು.

ನಾವೂ ಕೊನೆಗೆ ಇಂಗುಬಾವಿ ತೋಡಿಸಿದೆವು. ಮಳೆನೀರು ಹಿಡಿಯಬೇಕೆಂಬ ಕಾನೂನು 2009ರದು. ಜಯನಗರ 5ನೇ ಬ್ಲಾಕ್‌ನಲ್ಲಿ ಜಲಮಂಡಳಿಯದೇ ಮಳೆನೀರು ಕೊಯ್ಲಿನ ಪಾರ್ಕ್ ಇದೆ. ಅಲ್ಲಿ ನಿಂತು ಲೆಕ್ಕ ಹಾಕಿದೆ: ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ, 30-40ರ ಸೈಟು, ಅಂದರೆ ಒಂದು ಲಕ್ಷ ಲೀಟರಿಗೂ ಮೀರಿದ ನೀರು. ಆರು ಸಾವಿರ ಲೀಟರಿನ ಸುಮಾರು ಹದಿನೆಂಟು ಟ್ಯಾಂಕರ್ ನಮ್ಮ ತಲೆಯ ಮೇಲೆಯೇ ಸುರಿದು ಮೋರಿಗೆ ಹೋಗುತ್ತಿತ್ತು. ಮಣ್ಣುವಡ್ಡರ ಇಬ್ಬರು ಬಂದು ಮೂರಡಿ ಅಗಲಕ್ಕೆ ಅಗೆದು ಸಿಮೆಂಟ್ ರಿಂಗು ಇಳಿಸಿದರು. ಕೆಳಗೆ ಕೆಂಪುಮಣ್ಣು ಮುಗಿದು ಬಿಳಿ ಮರಳುಮರಳಾದ ಮಣ್ಣು ಸಿಕ್ಕಾಗ ಹಿರಿಯವರು ಒಂದು ಹಿಡಿ ಮೇಲೆ ಕಳಿಸಿದರು. ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತಿತ್ತು. "ಇದು ಕುಡಿಯುತ್ತೆ ಸ್ವಾಮಿ, ಇನ್ನು ಸಾಕು" ಎಂದರು.

ಮೊದಲ ದೊಡ್ಡ ಮಳೆಯ ಮರುದಿನ ಅಮ್ಮ ಅದೇ ಬಿದಿರುಕೋಲನ್ನು ಇಂಗುಬಾವಿಗೆ ಇಳಿಸಿದಳು. ಬೆಳಿಗ್ಗೆ ನಾಲ್ಕು ಗೇಣು, ಸಂಜೆಗೆ ಕೋಲು ಒಣಗಿಯೇ ಬಂತು. ಊರಿಂದ ಮರಳಿದ್ದ ಎದುರುಮನೆಯವರು ಗೇಟಿನ ಬಳಿ ನಿಂತು ನೋಡುತ್ತಿದ್ದರು.

"ಅಷ್ಟೂ ನೀರು ಎಲ್ಲಿ ಹೋಯ್ತು ಅಮ್ಮಾ?"

"ಕೆಳಗೆ ಹೋಯ್ತಪ್ಪ" ಎಂದಳು ಅಮ್ಮ. "ನಿಮ್ಮ ಬೋರಿಗೂ ಒಂದಿಷ್ಟು ಹೋಗಿರತ್ತೆ."