ತಾನೇ ತಂದುಕೊಂಡ ಕಾಯಿಲೆ

ಶುಕ್ರವಾರ ಜುಮಾ ನಮಾಝ್ ಮುಗಿದ ಮೇಲೆ ಶಿವಾಜಿನಗರದ ಯಾವ ಮಸೀದಿಯ ಬಾಗಿಲಲ್ಲಿ ನಿಂತರೂ ಆಸ್ಪತ್ರೆಯ ಚೀಟಿ ಹಿಡಿದ ಒಬ್ಬಿಬ್ಬರು ಕಾಣಸಿಗುತ್ತಾರೆ. ಹೃದಯದ ಆಪರೇಷನ್, ಕಿಡ್ನಿಯ ಡಯಾಲಿಸಿಸ್, ಮಗುವಿನ ಕ್ಯಾನ್ಸರ್. ಜನ ಆ ಚೀಟಿಯನ್ನು ಓದುವುದೂ ಇಲ್ಲ, ಕೈಗೆ ಬಂದಷ್ಟು ಕೊಟ್ಟು ಹೋಗುತ್ತಾರೆ. ಆದರೆ ಮಗನ ನಶೆ ಬಿಡಿಸಲು ಹಣ ಬೇಕೆಂದು ಚೀಟಿ ಹಿಡಿದು ನಿಂತ ತಾಯಿಯನ್ನು ನಾನು ಈವರೆಗೆ ಕಂಡಿಲ್ಲ. ಅಂಥ ತಾಯಂದಿರು ಇಲ್ಲವೆಂದಲ್ಲ. ಕೇಳುವ ಹಕ್ಕು ತನಗಿಲ್ಲವೆಂದು ಆಕೆಯೇ ನಂಬಿಬಿಟ್ಟಿದ್ದಾಳೆ. ‘ಅವನೇ ತಂದುಕೊಂಡ ಕಾಯಿಲೆ, ಅವನೇ ಅನುಭವಿಸಲಿ’ ಎಂದು ನಾವು ಹೇಳುವುದಕ್ಕೆ ಮೊದಲೇ ಆಕೆಗೆ ಅದು ಕೇಳಿಸಿರುತ್ತದೆ.

ತಾನೇ ತಂದುಕೊಂಡದ್ದು ಎಂಬ ಮಾತಿನಲ್ಲಿ ಎಷ್ಟು ಸತ್ಯವಿದೆ? ನಲವತ್ತು ವರ್ಷ ಬೀಡಿ ಸೇದಿ ಎದೆ ಹಿಡಿದುಕೊಂಡವನ ಬೈಪಾಸಿಗೆ ಕೊಡುವಾಗ ನಾವು ಬೀಡಿಯ ಲೆಕ್ಕ ಕೇಳುವುದಿಲ್ಲ. ಸಕ್ಕರೆ ಕಾಯಿಲೆ ಗೊತ್ತಿದ್ದೂ ಪ್ರತಿ ವಲೀಮಾದಲ್ಲಿ ಮೀಠಾ ಬಿಡದವನ ಕಾಲಿನ ಹುಣ್ಣಿಗೆ ಮರುಗುತ್ತೇವೆ. ಮರುಗಬೇಕಾದದ್ದೇ. ಇನ್ನು ಗುಜರಿಯಲ್ಲಿ ಹಳೇ ಗಾಡಿ ಬಿಚ್ಚುವ ಕೆಲಸಕ್ಕೆ ಹನ್ನೆರಡು ಹದಿಮೂರಕ್ಕೇ ಸೇರಿದ ಹುಡುಗ ಪಂಕ್ಚರ್ ಹಾಕುವ ಸಲ್ಯೂಷನ್ನನ್ನು ಬಟ್ಟೆಗೆ ಸುರಿದು ಮೂಸಲು ಕಲಿತರೆ, ಆ ವಯಸ್ಸಿನ ‘ತಾನೇ’ ಎಷ್ಟು ದೊಡ್ಡದು? 2019ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚಾಗಿ ಕಂಡ ನಶೆ ಇದೊಂದೇ: ದೊಡ್ಡವರಲ್ಲಿ ಶೇ. 0.58, ಮಕ್ಕಳಲ್ಲಿ ಶೇ. 1.17. ಸಲ್ಯೂಷನ್ನಿನಿಂದ ಗಾಂಜಾ, ಅಲ್ಲಿಂದ ಟಪೆಂಟಡಾಲ್ ಎಂಬ ನೋವಿನ ಮಾತ್ರೆ. ನುಂಗಬೇಕಾದ ಮಾತ್ರೆಯನ್ನು ನೀರಿನಲ್ಲಿ ಕರಗಿಸಿ ನರಕ್ಕೆ ಚುಚ್ಚಿಕೊಳ್ಳುತ್ತಾರೆ. ಒಂದೇ ಸಿರಿಂಜು ನಾಲ್ಕು ಕೈ ಬದಲಾದರೆ ಎಚ್‌ಐವಿ, ಹೆಪಟೈಟಿಸ್ ಸಿ ಜೊತೆಗೆ ಬರುತ್ತವೆ.

ಚಿಕಿತ್ಸೆ ಎಂದರೆ ಲಕ್ಷಗಟ್ಟಲೆ ಎಂಬ ಭಯ ನಮ್ಮಲ್ಲಿದೆ. ಖಾಸಗಿ ಕೇಂದ್ರಗಳ ಮಟ್ಟಿಗೆ ಅದು ಸುಳ್ಳಲ್ಲ. ಆದರೆ ಇದೇ ಊರಿನ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೆಂದೇ ವಿಭಾಗ ಶುರುವಾದದ್ದು 1991ರಲ್ಲಿ. ಅಲ್ಲಿ ಬಡವರಿಗೆ ರಿಯಾಯಿತಿ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ ಮತ್ತು ಮಾದಕವಸ್ತುಗಳಿಂದ ಬರುವ ಮಾನಸಿಕ ಸ್ಥಿತಿಗಳನ್ನೂ ಕಾಯಿಲೆಯೆಂದೇ ಎಣಿಸುತ್ತದೆ. ಬಡತನದ ರೇಖೆಯ ಕೆಳಗಿನವರಿಗೆ, ಕೈಯಲ್ಲಿ ಕಾರ್ಡ್ ಇರಲಿ ಇಲ್ಲದಿರಲಿ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಚಿಕಿತ್ಸೆಯ ಹಕ್ಕನ್ನು ಕೊಡುತ್ತದೆ. ಪೊಲೀಸರು ಹಿಡಿದಾರೆಂದು ಎಷ್ಟೋ ಮನೆಯವರು ದವಾಖಾನೆಯ ಮೆಟ್ಟಿಲು ಹತ್ತುವುದಿಲ್ಲ. ರೋಗಿಯ ವಿಷಯ ಗುಟ್ಟಾಗಿಡಬೇಕೆಂದು ಇದೇ ಕಾಯ್ದೆ ಹೇಳುತ್ತದೆ. 1985ರ ಮಾದಕವಸ್ತು ಕಾಯ್ದೆಯ 64ಎ ಕಲಮು ಕೂಡ, ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದರೆ ಅವನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಷರತ್ತು ಒಂದು: ಚಿಕಿತ್ಸೆಯನ್ನು ಅರ್ಧಕ್ಕೆ ಬಿಡಬಾರದು.

ಹಾಗಾದರೆ ಕಷ್ಟವೆಲ್ಲಿದೆ? ಕೆ.ಆರ್. ಪುರದಲ್ಲಿ ಬಾಡಿಗೆಗಿದ್ದು ಇಂದಿರಾನಗರದ ಮೂರು ಮನೆಗಳಲ್ಲಿ ಪಾತ್ರೆ ಬಟ್ಟೆ ಮಾಡುವ ಒಬ್ಬ ತಾಯಿಯನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಮಗನನ್ನು ಕರೆದುಕೊಂಡು ಬೆಳಗ್ಗೆಯೇ ಹೊರಟರೆ ಚೀಟಿ ಮಾಡಿಸಿ, ಸರತಿಯಲ್ಲಿ ಕೂತು, ಡಾಕ್ಟರನ್ನು ಕಂಡು ಬರುವಷ್ಟರಲ್ಲಿ ದಿನ ಕಳೆಯಿತು. 2023ರ ಜೂನ್‌ನಿಂದ ಅವಳ ಬಸ್ ಟಿಕೆಟ್ ಉಚಿತ, ಮಗನದಲ್ಲ. ಒಳರೋಗಿಯಾಗಿ ಸೇರಿಸಿದರೆ ಮನೆಯವರೊಬ್ಬರು ಜೊತೆಗಿರಬೇಕಾಗುತ್ತದೆ. ಎರಡು ಮೂರು ವಾರ ಕೆಲಸಕ್ಕೆ ಹೋಗದಿದ್ದರೆ ಮೂರು ಮನೆಗಳೂ ಬೇರೆಯವಳನ್ನು ಹುಡುಕಿಕೊಳ್ಳುತ್ತವೆ. ಅತ್ತ ಮಗನ ಕೂಲಿಯೂ ನಿಂತಿತು, ಬಾಡಿಗೆ ಮಾತ್ರ ನಿಲ್ಲುವುದಿಲ್ಲ. ಮನೆಗೆ ಬಂದ ಮೇಲೂ ತಿಂಗಳುಗಟ್ಟಲೆ ಮಾತ್ರೆ, ಮತ್ತೆ ಮತ್ತೆ ಭೇಟಿ. ಮದ್ದು ಅಗ್ಗ, ಮದ್ದು ಹಿಡಿದು ಕೂರುವ ಪುರಸೊತ್ತು ತುಟ್ಟಿ. ಉಚಿತ ಎಂಬ ಮಾತನ್ನು ಆಡುವವರು ಈ ಲೆಕ್ಕವನ್ನು ಹಾಕುವುದೇ ಇಲ್ಲ.

ಪುರಸೊತ್ತು ಇಲ್ಲದವರು ಅದರ ಬದಲಿಗೆ ಏನೇನನ್ನೋ ಕೊಳ್ಳುತ್ತಾರೆ. ಮೊದಲು ತಾಯಿತ, ದರ್ಗಾದ ಹರಕೆ. ಆಮೇಲೆ ಸಂಘದ ಸಾಲ ತೆಗೆದು, ಬಳೆ ಅಡವಿಟ್ಟು, ನೋಂದಣಿಯೇ ಇಲ್ಲದ ಯಾವುದೋ ‘ಕೇಂದ್ರ’. ರಾತ್ರಿ ಗಾಡಿ ಬಂದು ಹುಡುಗನನ್ನು ಎತ್ತಿಕೊಂಡು ಹೋಗುತ್ತದೆ, ಬೀಗ ಬೀಳುತ್ತದೆ, ಹೊಡೆತವೇ ಔಷಧಿ. ಯಾರನ್ನೂ ಸರಪಳಿಯಲ್ಲಿ ಕಟ್ಟಬಾರದೆಂದು ಕಾನೂನು ಹೇಳುತ್ತದೆ, ಆದರೆ ಆ ಕಾನೂನನ್ನು ಆ ತಾಯಿಗೆ ಯಾರು ಓದಿ ಹೇಳಬೇಕು? ಇವೆಲ್ಲಕ್ಕಿಂತ ಅಗ್ಗದ ಚಿಕಿತ್ಸೆಯೊಂದಿದೆ: ‘ಮದುವೆ ಮಾಡಿ, ಸರಿಹೋಗುತ್ತಾನೆ.’ ಈ ಚಿಕಿತ್ಸೆಯ ಬಿಲ್ಲನ್ನು ಏನೂ ತಿಳಿಯದ ಇನ್ನೊಂದು ಬಡವರ ಮನೆಯ ಹುಡುಗಿ ಜೀವನವಿಡೀ ಕಟ್ಟುತ್ತಾಳೆ. ನಿಕಾಹ್ ಓದಿಸುವ ಮುನ್ನ ಮಹರ್ ಎಷ್ಟೆಂದು ಕೇಳುವ ನಾವು ಇದೊಂದನ್ನು ಕೇಳುವುದಿಲ್ಲ. ನನಗೆ ಇದು ನಶೆಗಿಂತ ದೊಡ್ಡ ಅಪರಾಧವಾಗಿ ಕಾಣುತ್ತದೆ.

ಕೊಡುವವರ ಆಕ್ಷೇಪವನ್ನೂ ತಳ್ಳಿಹಾಕುವಂತಿಲ್ಲ. ಝಕಾತಿನ ಹಣ ನಶೆಕೋರನ ಕೈಗೆ ಹೋದರೆ ಸಂಜೆಗೆ ಅದು ಮಾತ್ರೆಯಾಗಿರುತ್ತದೆ ಎನ್ನುತ್ತಾರೆ. ಆಗಬಹುದು. ಆದರೆ ಅವನ ಕೈಗೆ ಕೊಡಿ ಎಂದವರು ಯಾರು? ಹನಫಿ ಫಿಕ್‌ಹ್ ಪ್ರಕಾರ ಝಕಾತ್ ಬಡವರ ಕೈಸೇರಿ ಅವರದೇ ಸ್ವತ್ತಾಗಬೇಕು. ಪಾತ್ರೆ ತೊಳೆದು ಬದುಕುವ ಆ ತಾಯಿ ತಾನೇ ಫಕೀರಳು, ಅನೇಕ ವೇಳೆ ಸಾಲಗಾರಳೂ ಹೌದು. ಝಕಾತಿಗೆ ಅರ್ಹರೆಂದು ಕುರ್‌ಆನ್ ಹೆಸರಿಸಿರುವ ಎಂಟು ವರ್ಗಗಳಲ್ಲಿ ಈ ಎರಡೂ ಇವೆ. ಅವಳ ಅರ್ಹತೆಗೆ ಮಗನ ನಡತೆಯ ಸರ್ಟಿಫಿಕೇಟು ಬೇಕಿಲ್ಲ. ಮೂರು ವಾರದ ಅವಳ ಕೂಲಿ, ಒಂದು ತಿಂಗಳ ಬಾಡಿಗೆ, ಇಷ್ಟನ್ನು ಅವಳ ಕೈಗೆ ಕೊಟ್ಟರೆ ಅವಳು ವಾರ್ಡಿನಲ್ಲಿ ನಿಶ್ಚಿಂತೆಯಿಂದ ಕೂರಬಹುದು. ಒಂದು ಬೈಪಾಸಿಗೆ ಎತ್ತುವ ಚಂದಾದ ಮುಂದೆ ಇದು ಎಷ್ಟರದ್ದು! ಮಸೀದಿಯ ಮೈಕಿನಲ್ಲಿ ಹೆಸರು ಕೂಗುವ ಅಗತ್ಯವೂ ಇಲ್ಲ.

ನಿಜವಾದ ಪರೀಕ್ಷೆ ಎರಡನೇ ಸಲ. ಮೊದಲ ಸಲ ಹೇಗೋ ಕೊಟ್ಟವರು, ಹುಡುಗ ಆರು ತಿಂಗಳಿಗೆ ಮತ್ತೆ ಜಾರಿದಾಗ ಬಾಗಿಲು ಹಾಕಿಕೊಳ್ಳುತ್ತಾರೆ. ಬಿಪಿಯವನು ಮಾತ್ರೆ ಬಿಟ್ಟು ಮತ್ತೆ ಆಸ್ಪತ್ರೆ ಸೇರಿದರೆ ಅದು ಕಾಯಿಲೆಯ ಸ್ವಭಾವ, ಇವನು ಜಾರಿದರೆ ಮೋಸ. ವೈದ್ಯರು ಇದನ್ನೂ ಮರುಕಳಿಸುವ ಕಾಯಿಲೆಯೆಂದೇ ಹೇಳುತ್ತಾರೆ. ಬುಖಾರಿ ಸಂಗ್ರಹದಲ್ಲಿ ಒಂದು ಪ್ರಸಂಗವಿದೆ. ಪ್ರವಾದಿಯವರನ್ನು (ಸ) ನಗಿಸುತ್ತಿದ್ದ ಒಬ್ಬ ಮನುಷ್ಯ. ಕುಡಿತಕ್ಕಾಗಿ ಶಿಕ್ಷೆ ಉಂಡಿದ್ದವನು ಮತ್ತೆ ಹಿಡಿದು ತರಲ್ಪಟ್ಟ. ಎಷ್ಟು ಸಲ ಇವನನ್ನು ತರುವುದು ಎಂದು ಸಿಟ್ಟಾದ ಒಬ್ಬರು ಅವನಿಗೆ ಶಾಪ ಹಾಕಿದರು. ಪ್ರವಾದಿಯವರು ಶಾಪವನ್ನು ತಡೆದು, ಅಲ್ಲಾಹ್ ಮತ್ತು ರಸೂಲರ ಮೇಲೆ ಅವನಿಗಿದ್ದ ಪ್ರೀತಿಯನ್ನು ನೆನಪಿಸಿದರು. ಶಿಕ್ಷೆ ತಪ್ಪಲಿಲ್ಲ, ನಿಜ. ಆದರೆ ಅವನು ನಮ್ಮವನಲ್ಲ ಎಂದು ಯಾರೂ ಅನ್ನುವಂತಿರಲಿಲ್ಲ. ಅದೂ ಮೊದಲ ಸಲ ಅಲ್ಲ, ಎಷ್ಟನೆಯದೋ ಸಲ.

ರಾತ್ರಿ ಹೊತ್ತು ಯಾರನ್ನು ಕೇಳುವುದೆಂದು ತಿಳಿಯದವರಿಗೆ ಎರಡು ಉಚಿತ ನಂಬರುಗಳಿವೆ. ನಶೆಮುಕ್ತಿಗೆ 14446, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416. ಕರೆ ಮಾಡುವುದು ತಾಯಿಯಾದರೂ ಆದೀತು, ಅಣ್ಣ ತಮ್ಮಂದಿರಾದರೂ ಆದೀತು.